ರಘುಪತಿಯ ಕಿಟಕಿ ಪಕ್ಕದ ಕುರ್ಚಿ

ಕಾರ್ಕಳದ ಕಡೆಯ ದೂಮಪ್ಪ ಎಂಬಾತ ಕಂಬಳದ ಗದ್ದೆಯಲ್ಲಿ ಕೋಣಗಳ ಹಿಂದೆ ಹಲಗೆಯ ಮೇಲೆ ನಿಂತು, ತೆಂಗಿನ ಮರದೆತ್ತರಕ್ಕೆ ಕೆಸರು ನೀರು ಚಿಮ್ಮಿಸಿದವನು. ಅವನ ಸೋದರಳಿಯ ಕಾಂತಪ್ಪ. ಆ ಸೀಮೆಯಲ್ಲಿ ಮನೆತನ ಮಾವನಿಂದ ಅಳಿಯನಿಗೆ ಇಳಿಯುತ್ತದೆ. ಅಪ್ಪನ ಹೆಸರನ್ನು ಕೇಳಿದರೆ ಹೇಳುತ್ತಾರೆ, ಮಾವನ ಹೆಸರನ್ನು ಕೇಳದಿದ್ದರೂ ಹೇಳುತ್ತಾರೆ. ಕಾಂತಪ್ಪ ಕೋಣ ಓಡಿಸಲಿಲ್ಲ. ಗೆಲ್ಲುವ ಜೋಡಿ ಯಾವುದೆಂದು ಓಟಕ್ಕೆ ಮೊದಲೇ ಹೇಳುತ್ತಿದ್ದ. ತಗಡಿನ ಕಹಳೆ ಬಾಯಿಗಿಟ್ಟು, ಜೋಡಿಯ ಹೆಸರು ಹಿಡಿದು “ಕೋಣ ಬಾಲ ಎತ್ತಿತು!” ಎಂದು ಅವನು ಕೂಗಿದನೆಂದರೆ ಮುಗಿಯಿತು, ಆ ಜೋಡಿಯ ಕಡೆಯವರು ಓಟಕ್ಕೆ ಮೊದಲೇ ಪಟಾಕಿಗೆ ಬೆಂಕಿ ಇಡುತ್ತಿದ್ದರಂತೆ. ಮೂವತ್ತು ವರ್ಷ ಆ ಮಾತು ಹುಸಿಹೋದದ್ದು ಎರಡೇ ಸಲ, ಎರಡು ಸಲವೂ ಕೋಣಕ್ಕೆ ಜ್ವರ ಬಂದಿತ್ತು ಎನ್ನುತ್ತಾರೆ.

ಆ ಕಾಂತಪ್ಪನ ತಂಗಿಯ ಮಗ ನಮ್ಮ ರಘುಪತಿ. ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ನನ್ನ ಮನೆಯಿಂದ ಎರಡು ಬೀದಿ ಆಚೆಗೆ ಅವನ ಮನೆ. ನನಗಿಂತ ಎರಡು ವರ್ಷ ಚಿಕ್ಕವನು, ಹಾಗಾಗಿ ಏಕವಚನ. ಅವನು ನನ್ನನ್ನು ‘ಮೂರ್ತಿಗಳೇ’ ಎನ್ನುತ್ತಾನೆ.

ಓದಿದ್ದು ಹತ್ತನೆಯ ಕ್ಲಾಸು. ಇಪ್ಪತ್ತು ತುಂಬುವ ಮೊದಲೇ ಸರಕಿನ ಹಡಗಿನ ಇಂಜಿನ್ ಕೋಣೆ ಸೇರಿದ. ಆ ಗದ್ದಲದಲ್ಲಿ ಬೇರೆಯವರ ಕಿವಿ ಮಂದವಾದರೆ ಇವನದು ಚುರುಕಾಯಿತು. ನೂರು ಸದ್ದುಗಳ ನಡುವೆ ಒಂದು ಬೇರಿಂಗ್ ಮುಲುಗಿದರೂ ಮಲಗಿದಲ್ಲಿಂದ ಎದ್ದು ಬರುತ್ತಿದ್ದನಂತೆ. ೧೯೮೬ರಲ್ಲಿ ಅವನ ಹಡಗು ಬ್ಯೂನಸ್ ಐರಿಸ್ ಬಂದರಿನಲ್ಲಿ ಸರಕು ಇಳಿಸಲು ನಿಂತಿದ್ದಾಗ ಅರ್ಜೆಂಟೀನಾ ವಿಶ್ವಕಪ್ ಗೆದ್ದಿತು. ಮೈಗೆಲ್ಲ ಇಂಜಿನ್ ಎಣ್ಣೆ ಬಳಿದುಕೊಂಡು ದಡಕ್ಕೆ ಇಳಿದಿದ್ದ ಈ ತುಳುವನನ್ನು ಬಂದರಿನ ಕೂಲಿಗಳು ಹೆಗಲ ಮೇಲೆ ಹೊತ್ತು ಕುಣಿದರು. “ಮೂರ್ತಿಗಳೇ, ನನ್ನನ್ನು ಮದುವೆಯ ದಿನ ಸಹ ಯಾರೂ ಎತ್ತಲಿಲ್ಲ” ಎನ್ನುತ್ತಾನೆ. ಅಂದಿನಿಂದ ಅವನು ಅರ್ಜೆಂಟೀನಾದವನು. ಆಮೇಲೆ ಹಡಗು ಬಿಟ್ಟು, ಹೆಂಡತಿ ಗುಲಾಬಿಯ ಜೊತೆ ಅಟ್ಲಾಂಟಾ ಕಡೆಗೆ ಬಂದು, ಒಂದು ಆಸ್ಪತ್ರೆಯ ಬಾಯ್ಲರ್‌ಗಳನ್ನು ಇಪ್ಪತ್ತೈದು ವರ್ಷ ನೋಡಿಕೊಂಡ. ಈಗ ನಿವೃತ್ತ.

ಅವನ ಮನೆಯ ಬೇಸ್‌ಮೆಂಟ್ ನಮಗೆಲ್ಲ ಫುಟ್‌ಬಾಲ್ ಮೈದಾನ. ದೊಡ್ಡ ಪಂದ್ಯ ಇದ್ದ ದಿನ ಹತ್ತು ಹದಿನೈದು ಕನ್ನಡದವರು ಅಲ್ಲಿ ಸೇರುತ್ತೇವೆ. ಟಿವಿಯ ಸದ್ದು ಮಾತ್ರ ಬಂದ್. ಇಲ್ಲಿನ ಕಾಮೆಂಟರಿಯವರು ಮದುವೆ ಮನೆಯಲ್ಲಿ ಸಾವಿನ ಸುದ್ದಿ ಓದುವ ಹಾಗೆ ಮಾತಾಡುತ್ತಾರೆ ಎಂಬುದು ರಘುಪತಿಯ ದೂರು. ಅವನೇ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮಾವ ಕಂಬಳಕ್ಕೆ ಹೇಳುತ್ತಿದ್ದ ವರಸೆಯಲ್ಲಿ ಹೇಳುತ್ತಾನೆ. ಎಡಗಡೆಯ ಆಟಗಾರ ‘ಎಡಗೋಣ’, ಬಲಗಡೆಯವನು ‘ಬಲಗೋಣ’. ನನ್ನಂಥ ಬಯಲುಸೀಮೆಯವನಿಗೆ ಫುಟ್‌ಬಾಲ್ ಅರ್ಥವಾದದ್ದೇ ಹಾಗೆ.

೨೦೨೧ರ ಜುಲೈನಲ್ಲಿ ಕೋಪಾ ಅಮೆರಿಕ ಫೈನಲ್. ಅರ್ಜೆಂಟೀನಾದ ಎದುರು ಬ್ರೆಜಿಲ್. ಆಟ ಶುರುವಾಗಿ ಇಪ್ಪತ್ತು ನಿಮಿಷ ದಾಟಿತ್ತು. ಚೆಂಡು ಇನ್ನೂ ಅರ್ಜೆಂಟೀನಾದವರ ಅರ್ಧದಲ್ಲೇ ಉರುಳಾಡುತ್ತಿತ್ತು. ಇದ್ದಕ್ಕಿದ್ದಂತೆ ರಘುಪತಿ ಎದ್ದು “ಕೋಣ ಬಾಲ ಎತ್ತಿತು!” ಎಂದು ಕೂಗಿದ. ನಾವು ಮುಖ ಮುಖ ನೋಡಿಕೊಂಡೆವು. ಒಂದು ನಿಮಿಷ ಕಳೆಯುವುದರೊಳಗೆ ಅಲ್ಲಿಂದ ಒಂದು ಉದ್ದನೆಯ ಪಾಸ್, ಗೋಲು! ನಮ್ಮ ಜನ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. ಒಬ್ಬರು ಹೋಗಿ ಅವನ ಕಾಲು ಮುಟ್ಟಿಯೇ ಬಿಟ್ಟರು. ಅವನ ತಂಗಿಯ ಮಗ ಶರಣ್ ಎದೆಯುಬ್ಬಿಸಿ, “ನಮ್ಮ ಮನೆತನದಲ್ಲೇ ಬಂದದ್ದು ಅದು” ಎಂದ.

ಗುಟ್ಟು ಏನೆಂದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಓದುವವರನ್ನು ಕಾಯಿಸುವುದು ಬೇಡ, ಈಗಲೇ ಹೇಳುತ್ತೇನೆ. ಪಕ್ಕದ ಮನೆಯಲ್ಲಿ ಕೊಲಂಬಿಯಾದ ಓರ್ಲಾಂಡೊ ಸಂಸಾರ ಇದೆ. ಅವರದು ಮನೆಯ ಮಾಡಿನ ಮೇಲಿನ ಆಂಟೆನಾ. ಚಿತ್ರ ಗಾಳಿಯಲ್ಲಿ ನೇರವಾಗಿ ಬಂದು ಬೀಳುತ್ತದೆ. ರಘುಪತಿಯದು ಇಂಟರ್‌ನೆಟ್ ಟಿವಿ. ಅದು ಊರೆಲ್ಲ ಸುತ್ತಿ ನಲವತ್ತು ಸೆಕೆಂಡ್ ತಡವಾಗಿ ಬರುತ್ತದೆ. ಅಲ್ಲಿ ಓರ್ಲಾಂಡೊ ಮನೆಯವರು ಗೋಲೆಂದು ಅರಚಿದ್ದು ಬೇಸ್‌ಮೆಂಟಿನಲ್ಲಿ ಬೇರೆ ಯಾರ ಕಿವಿಗೂ ಬೀಳದಿದ್ದರೂ, ಇಂಜಿನ್ ಕೋಣೆಯ ಕಿವಿಗೆ ಕಿಟಕಿಯ ಸಂದಿನಲ್ಲಿ ಬೀಳುತ್ತಿತ್ತು. ಮೊದಲ ದಿನ ಆ ಕೂಗು ಕೇಳಿ, ಮಾವನ ಮಾತು ತನಗೇ ಗೊತ್ತಿಲ್ಲದೆ ಅವನ ಬಾಯಿಗೆ ಬಂತು. ಕಾಲು ಮುಟ್ಟಿಸಿಕೊಂಡ ಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ.

ಆಮೇಲೆ ಆ ಕಿಟಕಿ ಮುಚ್ಚಿದ್ದನ್ನು ನಾನು ನೋಡಿಲ್ಲ. ಚಳಿಗಾಲದಲ್ಲೂ ನಾಲ್ಕು ಬೆರಳು ತೆರೆದಿರುತ್ತಿತ್ತು. ಕೇಳಿದರೆ “ನನಗೆ ಗಾಳಿ ಬೇಕು ಮಾರಾಯ್ರೆ” ಎನ್ನುತ್ತಿದ್ದ. ೨೦೨೨ರ ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ ಸೌದಿಯವರ ಕೈಯಲ್ಲಿ ಸೋತದ್ದು ಇಲ್ಲಿಯ ನಸುಕಿನ ಪಂದ್ಯದಲ್ಲಿ. ಪಕ್ಕದ ಮನೆ ಮಲಗಿತ್ತು, ಇವನ ಬಾಯಿಗೂ ಬೀಗ ಬಿದ್ದಿತ್ತು. “ದುಃಖದಲ್ಲಿ ಶಕ್ತಿ ಕೆಲಸ ಮಾಡುವುದಿಲ್ಲ” ಎಂದ. ಅದನ್ನೂ ನಂಬಿದೆವು.

ನಂಬದವನು ಒಬ್ಬನೇ, ವರ್ಜೀನಿಯಾದ ಸೆಂಟರ್‌ವಿಲ್‌ನ ಶೇಷಾದ್ರಿ. ಬೆಂಗಳೂರಿನವನು, ಶರಣ್‌ನ ಹಳೆಯ ರೂಂಮೇಟ್. ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ಸೆಮಿಫೈನಲ್‌ನಲ್ಲಿ ಮಾವ ಮೂರಕ್ಕೆ ಮೂರೂ ಗೋಲು ಮೊದಲೇ ಹೇಳಿದರೆಂದು ಶರಣ್ ಫೋನಿನಲ್ಲಿ ಕೊಚ್ಚಿಕೊಂಡಾಗ ಅವನಿಗೆ ತಡೆಯಲಿಲ್ಲ.

“ಸೈನ್ಸ್ ಓದಿದವನು ಕಣೋ ನೀನು! ಫೈನಲ್‌ಗೆ ನಾನೇ ಬರ್ತೀನಿ. ಹತ್ತು ಗಂಟೆ ಡ್ರೈವ್ ಆದ್ರೂ ಪರ್ವಾಗಿಲ್ಲ. ಫಸ್ಟ್ ರೋನಲ್ಲಿ ಕೂತ್ಕೊಂಡು ನಿಮ್ಮ ಮಾವನ್ನ ಟೆಸ್ಟ್ ಮಾಡ್ತೀನಿ.”

ಫೋನು ಸ್ಪೀಕರಿನಲ್ಲಿತ್ತು. ರಘುಪತಿಯ ಮೀಸೆ ನಿಮಿರಿತು. “ಬರ್ಲಿ. ಕಾಂತಪ್ಪ ಮಾವನ ಹೆಸರು ನಿನ್ನೆ ಮೊನ್ನೆಯದ್ದಲ್ಲ. ನನ್ನ ಮಾತು ತಪ್ಪಿದ್ರೆ ಇನ್ನು ಈ ಬೇಸ್‌ಮೆಂಟಲ್ಲಿ ನಾನು ಬಾಯಿ ತೆರೆಯುವುದಿಲ್ಲ. ಕಾಮೆಂಟರಿ ಬಂದ್!”

ಮಾವನ ಹೆಸರನ್ನೂ ತನ್ನ ಬಾಯನ್ನೂ ಹೀಗೆ ಒಂದೇ ಪಣಕ್ಕಿಟ್ಟುಬಿಟ್ಟ. ಅವನ ಧೈರ್ಯವೆಲ್ಲ ಓರ್ಲಾಂಡೊನ ಗಂಟಲಲ್ಲಿತ್ತು.

ಡಿಸೆಂಬರ್ ಹದಿನೆಂಟು, ಭಾನುವಾರ. ಬೆಳಗ್ಗೆ ಹತ್ತಕ್ಕೆ ಫೈನಲ್, ಅರ್ಜೆಂಟೀನಾದ ಎದುರು ಫ್ರಾನ್ಸ್. ಗುಲಾಬಿ ಐದು ಗಂಟೆಗೇ ಎದ್ದು ಗೋಳಿಬಜೆಗೆ ಹಿಟ್ಟು ಕಲಸಿದ್ದಳು. ಶೇಷಾದ್ರಿ ಹಿಂದಿನ ದಿನವೇ ಬಂದು, ಫ್ರಾನ್ಸಿನ ನೀಲಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ. ರಘುಪತಿಯದು ಅರ್ಜೆಂಟೀನಾದ ಅಂಗಿ, ಕೆಳಗೆ ಬಿಳಿ ಮುಂಡು. ಕುರ್ಚಿಯನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡು ಗೌಡನ ಗತ್ತಿನಲ್ಲಿ ಕೂತ.

ಹತ್ತಕ್ಕೆ ಐದು ನಿಮಿಷ ಇದೆ ಎನ್ನುವಾಗ ಹಿಂಬಾಗಿಲು ತೆರೆಯಿತು. ಓರ್ಲಾಂಡೊ, ಅವನ ಹೆಂಡತಿ, ಇಬ್ಬರು ತಮ್ಮಂದಿರು, ಕೈಯಲ್ಲಿ ಅವರ ದೇಶದ ಮೆಕ್ಕೆಜೋಳದ ರೊಟ್ಟಿಯ ದೊಡ್ಡ ತಟ್ಟೆ!

“ನಾನೇ ಕರೆದದ್ದು” ಎಂದಳು ಗುಲಾಬಿ ಮುಖವರಳಿಸಿ. “ಪಾಪ, ಪ್ರತಿ ಸಲ ಅವರಷ್ಟಕ್ಕೇ ಕೂತು ಬೊಬ್ಬೆ ಹಾಕ್ತಾರೆ, ಮೇಲೆ ಅಡಿಗೆಮನೆಗೆ ಕೇಳ್ತದೆ. ಇವತ್ತಾದ್ರೂ ಒಟ್ಟಿಗೆ ನೋಡುವ ಅಂತ.”

ರಘುಪತಿ ಇಂಗು ತಿಂದ ಮಂಗನಾದ. “ಇವಳಿಗೆ ಎಂತ ಅವಸರ ಇತ್ತು” ಎಂದು ಗೊಣಗಿದ್ದು ನನಗೆ ಮಾತ್ರ ಕೇಳಿಸಿತು. ಆಟ ಶುರುವಾಯಿತು. ಕಿಟಕಿಯಾಚೆ ಬೀದಿ ಸತ್ತಂತೆ ಬಿದ್ದಿತ್ತು. ಎಲ್ಲೋ ಒಂದು ನಾಯಿ ಬೊಗಳಿದರೂ ಇವನ ಕತ್ತು ಆ ಕಡೆ ತಿರುಗುತ್ತಿತ್ತು.

ಅರ್ಜೆಂಟೀನಾಕ್ಕೆ ಪೆನಾಲ್ಟಿ ಸಿಕ್ಕಿತು. ಸಿಕ್ಕಿದ್ದೇ ಭಾಗ್ಯವೆಂದು ರಘುಪತಿ “ಕೋಣ ಬಾಲ ಎತ್ತಿತು!” ಎಂದ. ಗೋಲಾಯಿತು.

“ಪೆನಾಲ್ಟಿ ಅಂಕಲ್ ಅದು” ಎಂದ ಶೇಷಾದ್ರಿ. “ಅಷ್ಟನ್ನ ನಮ್ಮಜ್ಜಿನೂ ಪ್ರಿಡಿಕ್ಟ್ ಮಾಡ್ತಾರೆ. ನೆಕ್ಸ್ಟ್ ಹೇಳಿ ನೋಡೋಣ.”

ಮುಂದಿನ ಗೋಲೂ ಅರ್ಜೆಂಟೀನಾದ್ದೇ, ಹದಿಮೂರು ನಿಮಿಷ ಕಳೆದ ಮೇಲೆ ಬಂತು. ಚೆಂಡು ಬಲೆಗೆ ಬಿದ್ದು ನಾವೆಲ್ಲ ಎದ್ದು ಕುಣಿದಾಗ ರಘುಪತಿಯ ಬಾಯಲ್ಲಿ ಗೋಳಿಬಜೆ ಇತ್ತು. ಶೇಷಾದ್ರಿ ಹಿಂದೆ ತಿರುಗಿ, ತಪ್ಪಿದ್ದು ಒಂದು ಎಂದು ಬೆರಳು ಎತ್ತಿ ತೋರಿಸಿದ. ಗೆಲ್ಲುತ್ತಿದ್ದ ಪಕ್ಷದವನ ಮುಖ ಸೋತವನ ಹಾಗೆ ಬಾಡಿತು.

ಎಂಬತ್ತನೆಯ ನಿಮಿಷ ಹತ್ತಿರ ಬಂದರೂ ಫ್ರಾನ್ಸ್ ಸೋತ ಎತ್ತಿನಂತೆ ಕಾಲೆಳೆಯುತ್ತಿತ್ತು. ಇಷ್ಟಾದರೂ ಹೇಳಿ ಮಾನ ಉಳಿಸಿಕೊಳ್ಳೋಣವೆಂದು ರಘುಪತಿ ಎದ್ದು ನಿಂತ. “ಕೇಳಿ! ಕೋಣ ಮಂಜೊಟ್ಟಿ ಮುಟ್ಟಿತು! ಇನ್ನು ಫ್ರಾನ್ಸಿಗೆ ಗೋಲಿಲ್ಲ!” ಮಂಜೊಟ್ಟಿ ಎಂದರೆ ಕಂಬಳದ ಗದ್ದೆಯಲ್ಲಿ ಓಟ ಮುಗಿಯುವ ಜಾಗ.

ಅವನು ಕೂರುವಷ್ಟರಲ್ಲಿ ಫ್ರಾನ್ಸಿಗೆ ಪೆನಾಲ್ಟಿ. ಗೋಲು. ಎರಡು ನಿಮಿಷವೂ ಕಳೆಯಲಿಲ್ಲ, ಇನ್ನೊಂದು ಗೋಲು. ಎರಡು ಎರಡು.

ಶೇಷಾದ್ರಿ ಕುರ್ಚಿ ಹತ್ತಿ ಕುಣಿದ. “ಅಂಕಲ್, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿಬಿಟ್ರಲ್ಲಾ!”

ರಘುಪತಿ ಟಿವಿಗೆ ಬೈಯತೊಡಗಿದ. ಮೊದಲು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ, ಕೊನೆಗೆ ಬಂದರಿನಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ. ಆ ಮೂರನೆಯದನ್ನು ಕೇಳಿ ಓರ್ಲಾಂಡೊನ ಹೆಂಡತಿ ಕಿವಿ ಮುಚ್ಚಿಕೊಂಡಳು, ತಮ್ಮಂದಿರು ಚಪ್ಪಾಳೆ ತಟ್ಟಿದರು. ಯಾವಾಗ ಆ ಕುರ್ಚಿ ಬಿಟ್ಟನೋ ಗೊತ್ತಿಲ್ಲ, ಹೆಚ್ಚುವರಿ ಆಟ ಶುರುವಾದಾಗ ಟಿವಿಯ ಮುಂದೆ ನೆಲದ ಮೇಲೆ, ಶೇಷಾದ್ರಿಯ ಕಾಲ ಬಳಿ ಕೂತಿದ್ದ. ಅರ್ಜೆಂಟೀನಾ ಮೂರನೆಯದು ಹೊಡೆದಾಗ ಶೇಷಾದ್ರಿಯ ಮೊಣಕಾಲನ್ನೇ ಅಪ್ಪಿಕೊಂಡ. ಫ್ರಾನ್ಸ್ ಮತ್ತೆ ಸಮ ಮಾಡಿದಾಗ ಅದೇ ಮೊಣಕಾಲಿಗೆ ಗುದ್ದಿದ.

“ಅಯ್ಯೋ ಅಂಕಲ್, ಅದು ನನ್ನ ಕಾಲು!”

“ನಿನ್ನದಾದ್ರೆ ಎಂತ, ಫ್ರಾನ್ಸಿನ ಕಾಲಲ್ವಾ!”

ಕೊನೆಗೆ ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಪೆನಾಲ್ಟಿಗಳು. ಒಂದೊಂದು ಒದೆತಕ್ಕೂ ರಘುಪತಿ ಕಣ್ಣು ಮುಚ್ಚುವುದು, ಬೆರಳ ಸಂದಿಯಲ್ಲಿ ನೋಡುವುದು. ಭವಿಷ್ಯ ಹೇಳುವ ಮಾತಿರಲಿ, ಉಸಿರಾಡುವುದನ್ನೇ ಮರೆತಿದ್ದ. ಅರ್ಜೆಂಟೀನಾದ ಕೊನೆಯ ಚೆಂಡು ಬಲೆಗೆ ಬಿದ್ದು ಕಪ್ ಗೆದ್ದಾಗ ಬಂತು ನೋಡಿ ಒಂದು ಕೂಗು! ಒಂದೂವರೆ ವರ್ಷದಲ್ಲಿ ಅವನ ಗಂಟಲಿನಿಂದ ಅಂಥದ್ದನ್ನು ನಾನು ಕೇಳಿರಲಿಲ್ಲ. ಅದುವರೆಗೆ ನಾವು ಕುಣಿಯುವಾಗ ಅವನು ದೇವರ ನುಡಿ ಹೇಳಿ ಮುಗಿಸಿದ ಪಾತ್ರಿಯ ಹಾಗೆ ಕೈಕಟ್ಟಿ ನಿಂತಿರುತ್ತಿದ್ದ. ಈಗ ಗೋಳಿಬಜೆಯ ತಟ್ಟೆ ಹಾರಿತು, ಮುಂಡು ಜಾರಿತು. ಗುಲಾಬಿ ಓಡಿಬಂದು ಹಿಡಿದುಕೊಂಡದ್ದರಿಂದ ಮನೆತನದ ಮಾನ ಉಳಿಯಿತು. ಓರ್ಲಾಂಡೊನ ತಮ್ಮಂದಿರು ಅವನನ್ನು ಹೆಗಲಿಗೆ ಏರಿಸಿದರು. ತಲೆ ಛಾವಣಿಗೆ ಬಡಿಯಿತು, ಅದೂ ಅವನಿಗೆ ಗೊತ್ತಾಗಲಿಲ್ಲ.

ಗದ್ದಲ ಇಳಿದ ಮೇಲೆ ಓರ್ಲಾಂಡೊ ಇಂಗ್ಲಿಷಿನಲ್ಲಿ, ಏನೂ ಅರಿಯದೆ, ಒಂದು ಮಾತು ಹೇಳಿದ. “ಇವತ್ತು ಎಲ್ಲರೂ ಒಂದೇ ಸಲ ಕೂಗಿದೆವು, ಚೆನ್ನಾಗಿತ್ತು. ಯಾವಾಗಲೂ ನಾವು ಕೂಗಿ ಮುಗಿಸಿ, ಕೂತು, ನೀರು ಕುಡಿದ ಮೇಲೆ ನಿಮ್ಮ ಮನೆಯ ಕೂಗು ಕೇಳಿಸುತ್ತಿತ್ತು.”

ಶೇಷಾದ್ರಿಯ ಕಣ್ಣು ಮೊದಲು ಟಿವಿಯ ಮೇಲೆ, ಆಮೇಲೆ ಕಿಟಕಿಯ ಮೇಲೆ, ಆಮೇಲೆ ಆ ಖಾಲಿ ಕುರ್ಚಿಯ ಮೇಲೆ ಹೋಯಿತು. “ಅಂಕಲ್…” ಎಂದು ರಾಗ ಎಳೆದ.

ಬೇಕಿದ್ದರೆ ರಘುಪತಿ ಇಲ್ಲವೆನ್ನಬಹುದಿತ್ತು. ಅವನು ಛಾವಣಿಗೆ ಬಡಿದು ಹಣೆಯಲ್ಲಿ ಎದ್ದ ಬೋರೆ ಸವರಿಕೊಂಡು ನಕ್ಕ. “ಹೌದು ಮಾರಾಯ. ಅವರ ಕೂಗು ಕೇಳಿಯೇ ಹೇಳ್ತಿದ್ದದ್ದು. ಕಾಂತಪ್ಪ ಮಾವನದ್ದೂ ಹಾಗೆಯೇ. ಓಟದ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕೋಣಗಳ ಸಗಣಿ ನೋಡಿ ಬರ್ತಿದ್ದರು. ಹೊಟ್ಟೆ ಸರಿ ಇದ್ದ ಕೋಣ ಗೆಲ್ತದೆ. ಅವರು ಸಾಯುವ ಮೊದಲು ನನಗೆ ಹೇಳಿದ್ದು. ನನ್ನದು ಮುಗೀತು. ಆಡಿದ ಮಾತು ಮಾತೇ, ಇನ್ನು ಬಾಯಿ ತೆರೆಯುವುದಿಲ್ಲ.”

ಅದಕ್ಕೆ ಅಡ್ಡ ಬಂದವನು ಶೇಷಾದ್ರಿಯೇ. “ಅದನ್ನ ಕ್ಯಾನ್ಸಲ್ ಮಾಡಿ ಅಂಕಲ್. ಪ್ರಿಡಿಕ್ಷನ್ ಯಾರಿಗೆ ಬೇಕು? ಆ ಎರಡು ಗೋಲ್ ಬಿದ್ದಾಗ ಬೈದ್ರಲ್ಲ, ಅದಕ್ಕೇ ಹತ್ತು ಗಂಟೆ ಡ್ರೈವ್ ವರ್ತ್ ಆಯ್ತು. ನೆಕ್ಸ್ಟ್ ಟೈಮೂ ಬರ್ತೀನಿ. ಮೊಣಕಾಲಿಗೆ ಪ್ಯಾಡ್ ಹಾಕ್ಕೊಂಡು ಬರ್ತೀನಿ.”

ಎಲ್ಲರೂ ಹೋ ಎಂದು ನಕ್ಕರು. ರಘುಪತಿ ಗುಲಾಬಿಯ ಕಡೆ ನೋಡಿದ. “ಬಾಯಿ ಮುಚ್ಚಿ ನಿಮಗೆ ಎರಡು ದಿನ ಇರ್ಲಿಕ್ಕೆ ಆಗ್ತದಾ?” ಎಂದಳು ಅವಳು. ಪಣ ಅಲ್ಲಿಗೆ ರದ್ದಾಯಿತು.

ಜನ ಚದುರಿದ ಮೇಲೆ ಶರಣ್ ಮಾತ್ರ ಸಪ್ಪೆ ಮುಖ ಮಾಡಿಕೊಂಡು ಚೆಲ್ಲಿದ ಗೋಳಿಬಜೆ ಆರಿಸುತ್ತಿದ್ದ. ಮನೆತನದ ಹೆಸರು ಮುಂದೆ ಇಳಿದುಬರಬೇಕಾದದ್ದು ಅವನಿಗೇ ತಾನೆ. ಮೆಲ್ಲಗೆ ಮಾವನ ಬಳಿ ಬಂದ.

“ಮಾವ, ಒಂದು ಐಡಿಯಾ ಉಂಟು. ಮೇಲಿನ ರೂಮಲ್ಲಿ ನಾನು ಆಂಟೆನಾ ಹಾಕಿ ಕೂತ್ಕೊಳ್ತೇನೆ. ನಿಮ್ಮ ಕಿವಿಗೆ ಸಣ್ಣ ಇಯರ್‌ಬಡ್. ಗೋಲ್ ಆದ ಕೂಡ್ಲೇ ನಾನು ಹೇಳ್ತೇನೆ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ. ಓರ್ಲಾಂಡೊ ಎಲ್ಲಿದ್ರೂ ತೊಂದರೆ ಇಲ್ಲ.”

ರಘುಪತಿ ಕಿಟಕಿಯ ಬಳಿ ಹೋಗಿ ಆ ನಾಲ್ಕು ಬೆರಳಿನ ಸಂದಿಗೆ ಕೈಯಿಟ್ಟ. ಚೌಕಟ್ಟು ಬಿಗಿದುಕೊಂಡಿತ್ತು. ಶರಣ್ ತಳ್ಳಲೆಂದು ಮುಂದೆ ಬಂದ.

“ಬೇಡ ಮಾರಾಯ” ಎಂದ ರಘುಪತಿ. “ಕಿವಿಗೆ ಎಂತದ್ದೂ ಸಿಕ್ಕಿಸಬೇಡ, ಮಾಡಿಗೆ ಎಂತದ್ದೂ ಕಟ್ಟಬೇಡ. ಇಷ್ಟು ದಿನ ನಿಮಗೆಲ್ಲ ಗೋಲು ಬಡಿಸಿದ್ದೇ ಆಯ್ತು, ನಾನು ಒಂದೂ ತಿನ್ಲಿಲ್ಲ. ಇವತ್ತು ಹೊಟ್ಟೆ ತುಂಬ ತಿಂದೆ. ನೀನು ಆಚೆ ಸರಿ, ಈ ಕಿಟಕಿ ನಾನೇ ಹಾಕ್ತೇನೆ.”