ಇಂಜಿನ್ ಡಬ್ಬಿಯ ಮೇಲಿನ ಕೌದಿ

ಐದು ವರ್ಷದ ಹಿಂದಿನ ಮೆಕ್ಕೆಜೋಳದ ಸುಗ್ಗಿ. ಹರಪನಹಳ್ಳಿಯಲ್ಲಿ ಲಾರಿ ಗ್ಯಾರೇಜ್ ಇಟ್ಟು ನನಗಾಗಲೇ ಮೂವತ್ತೊಂದು ವರ್ಷವಾಗಿತ್ತು. ಹಳೆಯ ಡೀಸೆಲ್ ಇಂಜಿನ್ ಎಂದರೆ ಕೊಟ್ಟೂರು, ಹಡಗಲಿ ಕಡೆಯವರೂ ‘ಮಾಬುಸಾಬ್ ಮೇಸ್ತ್ರಿ’ಯನ್ನೇ ಹುಡುಕಿ ಬರುತ್ತಿದ್ದರು. ಆ ಹೆಸರು ನನ್ನ ತಲೆಗೆ ಏರಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇಟ್ಟಿಗಿಯ ಚನ್ನಬಸಪ್ಪ ತನ್ನ ಲಾರಿಯನ್ನು ತಾನೇ ಓಡಿಸುವವ. ಇಪ್ಪತ್ತೆರಡು ವರ್ಷದ ಗಾಡಿ, ಆರು ಸಿಲಿಂಡರ್. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳಿತ್ತು. ಆರೂ ಸಿಲಿಂಡರಿನ ಸುಟ್ಟ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಸಾಗಿಸುವ ಬೀಡುಕಬ್ಬಿಣದ ಭಾಗ ಅದು. ಲೋಡ್ ಗಾಡಿ ಏರು ಹತ್ತುವಾಗ ಕೆಂಪಗೆ ಕಾಯುತ್ತದೆ.

ನಮ್ಮೆದುರು ಮೂರು ದಾರಿ ಇದ್ದವು. ಹೊಸದು ಹುಬ್ಬಳ್ಳಿಯಿಂದ ಬರಲು ಎಂಟು ದಿನ. ಕೂಡ್ಲಿಗಿಯ ಗುಜರಿಯಲ್ಲಿ ಅದೇ ಇಂಜಿನ್ನಿನ ಹಳೆಯದೊಂದು ಸಿಕ್ಕಿತ್ತು. ಬಿರುಕಿಲ್ಲ, ಆದರೆ ಇಂಜಿನ್ನಿಗೆ ಕೂರುವ ಮುಖ ಸ್ವಲ್ಪ ಸೊಟ್ಟ. ದಾವಣಗೆರೆಗೆ ಒಯ್ದು ಮಟ್ಟ ಮಾಡಿಸಿದರೆ ಒಂದೂವರೆ ದಿನದ ಕೆಲಸ. ಮೂರನೆಯದು, ಉಕ್ಕಿನ ಪೈಪು ಬಗ್ಗಿಸಿ, ವೆಲ್ಡ್ ಮಾಡಿ ನಾವೇ ಕಟ್ಟುವುದು. ಇದಕ್ಕೆ ಹೆಡರ್ ಎನ್ನುತ್ತಾರೆ. ಹೊರದೇಶದ ಲಾರಿಗಳಿಗೆ ಫಳಫಳ ಹೊಳೆಯುವ ಹೆಡರ್ ಕೂರಿಸುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಅವರು ಮಾಡಿದ್ದು ನನಗೇಕೆ ಆಗದು ಎಂಬ ಹುಕಿ ಬಂತು.

‘ಯಾವುದು ಚಲೋ ಮೇಸ್ತ್ರಿ?’ ಎಂದ ಚನ್ನಬಸಪ್ಪ. ‘ನನಗೇನು ತಿಳಿತತಿ? ನೀವು ಹೇಳಿದ್ದ ಹಾಕೂಣು.’

‘ಪೈಪಿಂದೇ ಹಾಕೂಣು. ಹಗುರ ಆಕ್ಕತಿ, ಹೊಗಿ ಸಲೀಸು ಹೊಕ್ಕತಿ’ ಎಂದೆ.

ಇಂಜಿನ್ ಹೆಡ್ಡಿಗೆ ಕೂರುವ ಫ್ಲ್ಯಾಂಜ್ ಪಟ್ಟಿ ಅರ್ಧ ಇಂಚು ದಪ್ಪ ಇರಬೇಕು, ಇಲ್ಲದಿದ್ದರೆ ಕಾವಿಗೆ ಸೊಟ್ಟಗಾಗುತ್ತದೆ. ನನಗದು ಗೊತ್ತಿತ್ತು. ಆ ದಿನ ಊರಲ್ಲಿ ಸಿಕ್ಕಿದ್ದು ಕಾಲಿಂಚಿನ ಪ್ಲೇಟು. ನಡೆದೀತು ಎಂದುಕೊಂಡೆ. ಸಂಜೆಯೊಳಗೆ ಕೂರಿಸಿ, ‘ಎರಡು ಟ್ರಿಪ್ ಆದ ಮ್ಯಾಲೆ ಬಾ, ಬೋಲ್ಟ್ ಮತ್ತೊಮ್ಮೆ ಬಿಗಿ ಮಾಡಬೇಕು’ ಎಂದು ಹೇಳಿ ಕಳಿಸಿದೆ.

ಅವನು ಹೇಳಿದ ಹಾಗೆಯೇ ಬಂದ. ತಪ್ಪಿದವನು ಅವನಲ್ಲ.

ನಾನಾಗ ಬೇರೊಂದು ಲಾರಿಯ ಅಡಿಯಲ್ಲಿ ಮಲಗಿ ಗೇರ್‌ಬಾಕ್ಸ್ ಕೂರಿಸುತ್ತಿದ್ದೆ. ಬೆಳಿಗ್ಗೆ ಹತ್ತರ ಹೊತ್ತು. ಚನ್ನಬಸಪ್ಪ ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿ, ‘ಮೇಸ್ತ್ರಿ, ಟಿಕ್ ಟಿಕ್ ಅಂತ ಸಪ್ಪಳ ಬರಾಕತ್ತೈತಿ. ಒಂದೀಟು ಬೋಲ್ಟ್ ಹಿಡಿದು ಕೊಡ್ರಿ’ ಎಂದ.

‘ಗೇರ್‌ಬಾಕ್ಸ್ ಜ್ಯಾಕ್ ಮ್ಯಾಲೆ ಐತೋ ಮಾರಾಯ, ಬಿಟ್ಟು ಹೆಂಗ ಬರ್ಲಿ? ಕೌದಿ ಎರಡು ಮಡಿಕಿ ಮಾಡಿ ಹಾಕ್ಕೋ, ಸಪ್ಪಳ ಕಡಿಮಿ ಆಕ್ಕತಿ. ಕೊಟ್ಟೂರಿಗೆ ಹೋಗಿ ಬರೋವಾಗ ನೋಡೂಣು.’

ನಮ್ಮ ಕಡೆಯ ಹಳೇ ಲಾರಿಗಳಲ್ಲಿ ಇಂಜಿನ್ ಇರುವುದು ಕ್ಯಾಬಿನ್ನಿನೊಳಗೆ, ಡ್ರೈವರನ ಪಕ್ಕದ ಡಬ್ಬಿಯಲ್ಲಿ. ಆ ಡಬ್ಬಿ ಸುಡದಿರಲಿ ಎಂದು ಮೇಲೆ ಮನೆಯಲ್ಲಿ ಹಳೇ ಸೀರೆ ಸೇರಿಸಿ ಹೊಲಿದ ಕೌದಿ ಹಾಸುತ್ತಾರೆ. ಹಮಾಲರು ಕೂರುವುದೂ ಅದರ ಮೇಲೆಯೇ. ಸಪ್ಪಳ ಬಂದರೆ ಇನ್ನೊಂದು ಮಡಿಕೆ. ನಾನೂ ನೂರು ಜನಕ್ಕೆ ಹಾಗೆಂದು ಹೇಳಿದವನೇ. ಅವನು ನಕ್ಕು, ‘ಆತ್ರಿ’ ಎಂದು ಎದ್ದು ಹೋದ.

ಕೊಟ್ಟೂರು ಇನ್ನೂ ನಾಲ್ಕೈದು ಮೈಲಿ ಇರುವಾಗ ಡಬ್ಬಿಯ ಸಂದಿಯಿಂದ ಬೆಂಕಿ ಎದ್ದಿತು. ರಸ್ತೆಯ ಎಡಕ್ಕೆ ಉದ್ದಕ್ಕೂ ಮೆಕ್ಕೆಜೋಳ ಒಣಹಾಕಿ ಹೆಣ್ಣುಮಕ್ಕಳು ಕೂತಿದ್ದರಂತೆ. ಅವರನ್ನು ದಾಟಿದ ಮೇಲೆಯೇ ಅವನು ಬ್ರೇಕ್ ಒತ್ತಿದ್ದು. ಅಷ್ಟರಲ್ಲಿ ಬೆಂಕಿ ಅವನ ಸೊಂಟದ ಮೇಲಕ್ಕೆ ಬಂದಿತ್ತು. ಮೂರನೆಯ ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಸುಟ್ಟ ಲಾರಿಯನ್ನು ಎಳೆತಂದು ನನ್ನ ಗ್ಯಾರೇಜಿನ ಪಕ್ಕದಲ್ಲೇ ನಿಲ್ಲಿಸಿದರು. ವೈರಿಂಗ್ ಹಳೆಯದು, ಶಾರ್ಟ್ ಆಗಿರಬೇಕು ಎಂದರು ಕೆಲವರು. ಕೌದಿ ಹೊತ್ತಿಕೊಂಡಿತು ಎಂದರು ಉಳಿದವರು. ನಾನು ಒಬ್ಬನೇ ಹೋಗಿ ಡಬ್ಬಿ ಬಿಚ್ಚಿದೆ. ನಾಲ್ಕನೇ ಸಿಲಿಂಡರಿನ ಬಳಿ ಫ್ಲ್ಯಾಂಜ್ ಬಾಗಿ, ಸಂದಿ ಮುಚ್ಚುವ ಗ್ಯಾಸ್ಕೆಟ್ ಸುಟ್ಟು ಹರಿದಿತ್ತು. ಅಲ್ಲಿಂದ ನುಗ್ಗಿದ ಬೆಂಕಿಯಂಥ ಹೊಗೆ ನೇರವಾಗಿ ಬಡಿಯುತ್ತಿದ್ದದ್ದು ಡೀಸೆಲ್ ವಾಪಸ್ ಹೋಗುವ ರಬ್ಬರ್ ಪೈಪಿಗೆ. ಪೈಪು ಇರಲಿಲ್ಲ, ಅದರ ಕ್ಲಿಪ್ಪು ಮಾತ್ರ ಉಳಿದಿತ್ತು. ಸಪ್ಪಳ ಜೋರಾದದ್ದು ಅವನಿಗೆ ಕೇಳಿಸಿದ್ದರೆ ದಾರಿಯಲ್ಲೇ ನಿಲ್ಲಿಸುತ್ತಿದ್ದ. ಕೇಳಿಸದಂತೆ ಮಾಡಿದವನು ನಾನು.

ಆ ಹೆಡರ್ ಬಿಚ್ಚಿ ತಂದು ಅಂಗಡಿಯಲ್ಲಿಟ್ಟೆ. ಯಾರಿಗೂ ಹೇಳಲಿಲ್ಲ. ಹೆದರಿದ್ದೆ.

ತಿಂಗಳು ಕಳೆದ ಮೇಲೆ ಅವನ ಹೆಂಡತಿ ನೀಲಮ್ಮ ಬಂದಳು. ಬಾಗಿಲಲ್ಲೇ ನಿಂತು, ‘ಅಣ್ಣಾರ, ಒಂದು ಖರೇ ಹೇಳ್ರಿ. ನನ್ನ ಕೌದಿಗೇ ಬೆಂಕಿ ಹತ್ತಿತೇನ್ರಿ? ನೈಲಾನ್ ಸೀರಿ ಹಾಕಿ ಹೊಲಿದಿದ್ದೆ. ಬ್ಯಾಡ ಅಂದಿದ್ಲು ನಮ್ಮತ್ತಿ. ಈಗ ನನ್ನ ಕೈಯಾಗಿನ ನೀರು ಸೈತ ಕುಡಿಯವಲ್ಲಳು’ ಎಂದಳು.

‘ವೈರಿಂಗ್ ತಂಗಿ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಂದಿದ್ದರೆ ಆ ಹೊತ್ತಿಗೆ ಅವಳೂ ಉಳಿಯುತ್ತಿದ್ದಳು, ನಾನೂ ಉಳಿಯುತ್ತಿದ್ದೆ. ಆದರೆ ಕಣ್ಣಾರೆ ತೋರಿಸದ ಹೊರತು ನೈಲಾನ್ ಸೀರೆಯ ಸಂಶಯ ಅವಳನ್ನು ಬಿಡುತ್ತಿರಲಿಲ್ಲ. ಹೆಡರ್ ತಂದು ಮೇಜಿನ ಮೇಲಿಟ್ಟೆ. ಫ್ಲ್ಯಾಂಜಿನ ಮೇಲೆ ಉಕ್ಕಿನ ಸ್ಕೇಲ್ ಅಡ್ಡ ಇಟ್ಟು, ಸಂದಿಯಲ್ಲಿ ಬೆಳಕು ಹಾಯುವುದನ್ನು ತೋರಿಸಿದೆ.

‘ಬೆಂಕಿ ಬಂದಿದ್ದು ಇಲ್ಲಿಂದ. ಇದನ್ನ ಹಾಕಿದಾಂವ ನಾನು. ಸಪ್ಪಳ ಬರ್ತೈತಿ ಅಂತ ಬಂದಾಗ ಕೌದಿ ಮಡಚಿ ಹಾಕ್ಕೋ ಅಂದಾಂವನೂ ನಾನ. ನಿಂದೇನೂ ತಪ್ಪಿಲ್ಲ ತಂಗಿ.’

ಅವಳು ಬಗ್ಗಿ ಆ ಸಂದಿಯ ಮೇಲೆ ಬೆರಳಾಡಿಸಿದಳು. ಆಮೇಲೆ, ‘ಇದನ್ನ ತಗೊಂಡು ನಮ್ಮೂರಿಗೆ ಬರ್ರಿ. ನಮ್ಮತ್ತಿ ಮುಂದ ಹೇಳ್ರಿ’ ಎಂದಳು.

ಹೋದೆ. ಚೀಲದಲ್ಲಿ ಹೆಡರ್ ಇಟ್ಟುಕೊಂಡು ಇಟ್ಟಿಗಿಯ ಬಸ್ಸು ಹತ್ತಿದೆ. ಅವರ ಕಟ್ಟೆಯ ಮೇಲೆ ಅದನ್ನಿಟ್ಟು, ನೆರೆದ ಹತ್ತಾರು ಜನರ ಎದುರು ಒಂದೂ ಬಿಡದೆ ಹೇಳಿದೆ. ಮುದುಕಿ ಕೇಳಿದ್ದು ಒಂದೇ ಮಾತು: ‘ಬೋಲ್ಟ್ ಬಿಗಿ ಮಾಡಾಕ ಎಷ್ಟೊತ್ತು ಬೇಕಿತ್ತಪಾ?’

‘ಅರ್ಧ ತಾಸು’ ಎಂದೆ.

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಆ ಕಡೆಯಿಂದಲೇ, ‘ನೀಲವ್ವಾ, ನೀರು ತಾ’ ಎಂದಳು. ನೀಲಮ್ಮ ಚೆಂಬು ತಂದಳು. ಮುದುಕಿ ತಾನು ಕುಡಿದಳು. ನನಗೆ ಕೊಡಿಸಲಿಲ್ಲ, ಕೊಡಿಸಬೇಕಾಗಿಯೂ ಇರಲಿಲ್ಲ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನನ್ನ ಪಾಠವೂ ಅಂಥದ್ದೇ. ಹಳೇ ಲಾರಿಗೆ ಬೀಡಿನ ಮ್ಯಾನಿಫೋಲ್ಡೇ ಸರಿ, ಹಳೆಯದಾದರೆ ಮುಖ ಮಟ್ಟ ಮಾಡಿಸಿ ಹಾಕಬೇಕು, ಬಿಸಿಯಾದ ಮೇಲೆ ಬೋಲ್ಟ್ ಮತ್ತೆ ಬಿಗಿಯಬೇಕು. ಇದನ್ನು ಯಾವ ಮೇಸ್ತ್ರಿಯಾದರೂ ಹೇಳಿಯಾನು. ನಾನು ಕಲಿತದ್ದು ಬೇರೆ. ಯಾರಾದರೂ ಸಪ್ಪಳ ಎಂದು ಬಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗುತ್ತೇನೆ; ಮೊದಲು ಕೌದಿ ತೆಗೆಸುತ್ತೇನೆ. ಆ ದಿನದ ಗೇರ್‌ಬಾಕ್ಸ್ ಜ್ಯಾಕಿನ ಮೇಲೆ ಭದ್ರವಾಗಿಯೇ ಇತ್ತು. ಅರ್ಧ ತಾಸು ಅದು ಎಲ್ಲಿಗೂ ಹೋಗುತ್ತಿರಲಿಲ್ಲ.