ಹಾಸಿಗೆಗೆ ಬಂದ ಕಾಫಿ

ಎದುರುಮನೆಯಾಕೆ ಆಪರೇಷನ್‌ನಿಂದ ಸಾಯಲಿಲ್ಲ. ಹಾಸಿಗೆಗೆ ಬರುತ್ತಿದ್ದ ಕಾಫಿಯಿಂದ ಸತ್ತಳು. ಯಾರು ಏನೇ ಹೇಳಲಿ, ನಡೆದದ್ದು ಅಷ್ಟೇ.

ನಿನ್ನೆ ಹಾಲು ಒಲೆಯ ಮೇಲಿಟ್ಟು ಮರೆತೆ. ಸೀದ ವಾಸನೆ ಮನೆಯೆಲ್ಲ ತುಂಬಿತು. ಅವಳು ಮಲಗಿದ್ದ ದಿನಗಳಲ್ಲಿ ಅವರ ಮನೆಯಿಂದ ದಿನಾ ಬೆಳಿಗ್ಗೆ ಇದೇ ವಾಸನೆ ಬರುತ್ತಿತ್ತು...

ಪದ್ಮನಾಭನಗರದಲ್ಲಿ ನಮ್ಮಿಬ್ಬರ ಮನೆ ಎದುರುಬದುರು. ಅವಳು ಬಾಗಿಲಿಗೆ ನೀರು ಹಾಕುವಾಗ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದರು. ಮದುವೆಯಾದಾಗಿನಿಂದ ಒಲೆಯ ಹತ್ತಿರ ಸುಳಿಯದ ಗಂಡ ಆಗ ಮೊದಲ ಸಲ ಕಾಫಿ ಕಾಯಿಸಿದರು. ಹಾಲು ಸೀಯಿಸಿಯೇ ಕಾಯಿಸಿದರು. ಅವಳು ಅದನ್ನು ತೀರ್ಥದ ಹಾಗೆ ಕುಡಿದಳು.

ನಡೆಸಿ, ವ್ಯಾಯಾಮ ಮಾಡಿಸಲು ಬಿಟಿಎಂ ಲೇಔಟ್‌ನಿಂದ ಒಬ್ಬ ಹುಡುಗಿ ಸ್ಕೂಟರಿನಲ್ಲಿ ಬರುತ್ತಿದ್ದಳು. ಧಾರವಾಡದ ಕಡೆಯವಳು.

“ಏಳ್ರೀ ಅಜ್ಜಿ, ಬಾಗಿಲ ತನಕ ನಡೀರಿ. ಹಿಂಗ ಮಲ್ಕೊಂಡ್ರ ಕಾಲಾಗಿನ ಶಕ್ತಿ ಹೋಗ್ತದ್ರೀ.”

“ನಾಳೆ ಏಳ್ತೀನಿ ಕಣಮ್ಮ. ಇವತ್ತು ನೋವು.”

ನೋವು ಇತ್ತು, ಸುಳ್ಳಲ್ಲ. ಆದರೆ ಹುಡುಗಿ ಆಚೆ ಹೋದ ಮೇಲೆ ನನ್ನ ಕಡೆ ತಿರುಗಿ, “ಎದ್ದು ನಡೆದ್ರೆ ಎಲ್ಲಿಗೆ ಹೋಗ್ಬೇಕು ಹೇಳು? ಅಡುಗೆಮನೆಗೆ ತಾನೆ?” ಎಂದಳು.

“ನಡೀಲಿಲ್ಲ ಅಂದ್ರೆ ಸುಡುಗಾಡಿಗೆ ಹೋಗ್ತೀಯ ಅಷ್ಟೆ,” ಎಂದೆ.

“ಅಲ್ಲಿಗೇನು ನಡೀಬೇಕಾ? ಹೊತ್ಕೊಂಡ್ ಹೋಗ್ತಾರೆ ಬಿಡೇ.”

ಇಬ್ಬರೂ ನಕ್ಕೆವು.

ಕೆಲವು ವಾರಕ್ಕೆ ಗಂಡನ ಉತ್ಸಾಹ ಇಳಿಯಿತು. ಕಾಫಿ ತಡವಾಯಿತು, ತಣ್ಣಗಾಯಿತು. ಲೋಟ ಕುಕ್ಕುವ ಸದ್ದು ನಮ್ಮ ಮನೆಗೂ ಕೇಳತೊಡಗಿತು. ಒಂದು ಬೆಳಿಗ್ಗೆ ಕಾಫಿ ಬರಲೇ ಇಲ್ಲ. ಅವತ್ತು ಹುಡುಗಿ ಬಂದ ಕೂಡಲೇ ಅವಳೇ, “ಎಬ್ಬಿಸಮ್ಮ ನನ್ನ,” ಎಂದಳು. ಒಂದು ಕಡೆ ಹುಡುಗಿ, ಇನ್ನೊಂದು ಕಡೆ ನಾನು ಹಿಡಿದೆವು. ಪಾದ ನೆಲಕ್ಕೆ ತಾಗಿತು, ಭಾರ ಹೊರಲಿಲ್ಲ. ತೊಡೆ ನನ್ನ ಮುಂಗೈಯಷ್ಟಾಗಿತ್ತು. ಹುಡುಗಿ ಅವಳನ್ನು ಮೆಲ್ಲಗೆ ಮತ್ತೆ ಮಲಗಿಸಿದಳು... ಆಮೇಲೆ ಬೆನ್ನು ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು, ಹೋದಳು.

ಈಗ ನನ್ನ ಮಂಡಿಗೂ ಆಪರೇಷನ್ ಆಗಬೇಕು ಅಂತಾರೆ. ಇದನ್ನು ಹೇಳಿಕೊಂಡು ನಗೋಣವೆಂದರೆ ಎದುರುಮನೆಯಲ್ಲಿ ಅವಳಿಲ್ಲ.

ಅವಳು ಹೋದ ಮರುದಿನ ಬೆಳಿಗ್ಗೆ, ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ನಾನೇ ಕಾಫಿ ಮಾಡಿ ತೆಗೆದುಕೊಂಡು ಹೋದೆ. ಅವಳ ಗಂಡ ಕುಡಿದು, ಮುಖ ಕೂಡ ನೋಡದೆ ಖಾಲಿ ಲೋಟವನ್ನು ನನ್ನತ್ತ ಚಾಚಿದರು. ತೊಳೆದು ಬೋರಲು ಹಾಕಿ ಬಂದೆ.