ತಳ್ಳಿದ ವೇಗ

ಅಲ್ಮಾಟಿಯಲ್ಲಿ ಸ್ಪೋರ್ಟ್ಸ್ ಕಾರು ಕೊಂಡ ಶೋಕಿಲಾಲರೆಲ್ಲ ಒಮ್ಮೆಯಾದರೂ ಫೋಟೋ ತೆಗೆಯುವ ಗೌಹರಳ ಗ್ಯಾರೇಜಿನ ಕದ ತಟ್ಟಿದವರೇ. ಅವಳು ತೆಗೆದ ಚಿತ್ರದಲ್ಲಿ ಕಾರು ನೋಡುವವನ ಮೈಮೇಲೇ ಬರುವಂತಿರುತ್ತಿತ್ತು. ಆ ವೇಗದ ಗುಟ್ಟು ಮಾತ್ರ ತೀರಾ ಬಡಪಾಯಿ ಗುಟ್ಟು. ಕಾರಿನ ಮೈಗೆ ಗಾಳಿ ಹೀರಿ ಅಂಟುವ ರಬ್ಬರ್ ಬಟ್ಟಲುಗಳಿಂದ ಉದ್ದನೆಯ ಕೋಲು ಕಚ್ಚಿಸಿ, ತುದಿಗೆ ಕ್ಯಾಮೆರಾ ಕಟ್ಟಿ, ಎಂಜಿನ್ ಆರಿಸಿ, ಇಬ್ಬರು ಹಿಂದಿನಿಂದ ಮೆಲ್ಲಗೆ ತಳ್ಳುವುದು. ಬೆಳಕು ತಡೆಯುವ ಕಪ್ಪು ಗಾಜು ಹಾಕಿದ ಕ್ಯಾಮೆರಾ ನಾಲ್ಕು ಸೆಕೆಂಡು ಕಣ್ಣು ತೆರೆದಿದ್ದರೆ ಸಾಕು, ಕಾರು ಸ್ಪಷ್ಟವಾಗಿ ಉಳಿದು ರಸ್ತೆಯೆಲ್ಲ ಗೀರುಗೀರಾಗುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಕೋಲನ್ನೂ ತಳ್ಳಿದವರನ್ನೂ ಅಳಿಸಿ, ಆಕಾಶಕ್ಕೆ ಮಸಿ ಬಳಿದು, ಕೆಂಪನ್ನು ಇನ್ನಷ್ಟು ಕೆಂಪು ಮಾಡುತ್ತಾಳೆ.

ಯೆರ್ನಾರನ ಕಾರನ್ನೂ ಹೀಗೇ ತೆಗೆದುಕೊಟ್ಟಿದ್ದಳು. ಅವನು ಬೀಗುತ್ತ ಅದನ್ನು ನೆಂಟರಿಗೆಲ್ಲ ಫೋನಿನಲ್ಲಿ ಕಳಿಸಿದ. ಮೂರನೆಯ ದಿನ ಬೆಳಿಗ್ಗೆ ಅವನ ತಾಯಿ ಕುಲ್ಯಾಶ್ ಗ್ಯಾರೇಜಿಗೆ ಬಂದರು. ಬರಿಗೈಯಲ್ಲಿ ಬರಬಾರದೆಂದು ಚೀಲದ ತುಂಬ ಬೌರ್ಸಾಕ್ ಎಂಬ ಹಿಟ್ಟಿನ ಉಂಡೆಗಳನ್ನು ಕರಿದು ತಂದಿದ್ದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಹಿರಿಯ ಮಗ ಐದು ವರ್ಷದ ಹಿಂದೆ ಕಪ್ಶಗಾಯ್ ರಸ್ತೆಯಲ್ಲಿ ಜೋರಾಗಿ ಕಾರು ಓಡಿಸಿ ಅಪಘಾತದಲ್ಲಿ ತೀರಿಕೊಂಡಿದ್ದ, ಉಳಿದವನು ಇವನೊಬ್ಬ. ಈ ಚಿತ್ರ ನೋಡಿದಾಗಿನಿಂದ ತುತ್ತು ಗಂಟಲಲ್ಲಿ ಇಳಿಯುತ್ತಿಲ್ಲ ಎಂದರು.

"ನಿಜ ಹೇಳು ಮಗಳೇ. ಎಷ್ಟು ಜೋರಾಗಿ ಓಡಿಸ್ತಿದ್ದ?"

ಯಾರದೋ ಶೋಕಿಗೆಂದು ಮಾಡಿದ ಕೆಲಸ ಒಬ್ಬ ತಾಯಿಯ ಜೀವ ಹಿಂಡುತ್ತಿತ್ತು. ಯಾರಿಗೂ ತೋರಿಸದ ಮೂಲ ಚಿತ್ರವನ್ನು ಗೌಹರ್ ಅವಸರದಿಂದ ತೆರೆದಳು. ಅದರಲ್ಲಿ ಗೆಳೆಯನೊಬ್ಬ ಸ್ಟೀರಿಂಗ್ ಹಿಡಿದಿದ್ದ. ಯೆರ್ನಾರ್ ಹಿಂದೆ ಬಗ್ಗಿ, ಕೆನ್ನೆ ಉಬ್ಬಿಸಿಕೊಂಡು ತನ್ನ ಕಾರನ್ನು ತಾನೇ ತಳ್ಳುತ್ತಿದ್ದ.

ಕುಲ್ಯಾಶ್ ಬಹಳ ಹೊತ್ತು ನೋಡಿದರು. ಮುಖ ಇನ್ನಷ್ಟು ಬಾಡಿತು.

"ಕಂಪ್ಯೂಟರಲ್ಲಿ ಓಡಿಸೋಕೆ ಬರೋಳಿಗೆ ನಿಲ್ಸೋಕೆ ಬರಲ್ವಾ? ಅಮ್ಮ ಬಂದ್ರೆ ಹೀಗೆ ತೋರ್ಸು ಅಂತ ಅವನೇ ಹೇಳಿಕೊಟ್ಟಿರ್ತಾನೆ."

ಸುಳ್ಳನ್ನು ನಂಬಿಸುವುದನ್ನು ಹನ್ನೊಂದು ವರ್ಷ ಕಲಿತ ಗೌಹರಳಿಗೆ ಒಂದು ನಿಜವನ್ನು ನಂಬಿಸಲು ಆಗಲಿಲ್ಲ. ಆಣೆ ಇಟ್ಟಳು, ಅದೂ ನಾಟಲಿಲ್ಲ. ಕೊನೆಗೆ ಯೆರ್ನಾರನಿಗೆ ಫೋನ್ ಮಾಡಿ, ಕಾರು ತೆಗೆದುಕೊಂಡು ಬಾ, ಆದರೆ ನಿಧಾನವಾಗಿ ಬಾ ಎಂದಳು. ಅವನು ಬರಲು ಅರ್ಧ ಗಂಟೆ ಹಿಡಿಯಿತು. ಹೊರಗೆ ಗಾಡಿ ಸದ್ದಾದಾಗಲೆಲ್ಲ ತಾಯಿ ಬಾಗಿಲಿಗೆ ಹೋಗಿ ಬರುತ್ತಿದ್ದರು. ನೋಡಿ ನೋಡಿ ಗೌಹರಳೂ ಬಾಗಿಲಿಗೆ ಹೋಗಿ ನಿಂತಳು.

ಮಗ ಬಂದ ಮೇಲೆ ಗ್ಯಾರೇಜಿನ ಹಿಂದಿನ ಓಣಿಯಲ್ಲಿ ಕೋಲು ಕಚ್ಚಿಸಿ ಕ್ಯಾಮೆರಾ ಕಟ್ಟಿದಳು. ಅವನನ್ನು ಸ್ಟೀರಿಂಗ್ ಮುಂದೆ ಕೂರಿಸಿ, ತಾಯಿಯ ಎರಡೂ ಕೈಗಳನ್ನು ಹಿಡಿದು ಡಿಕ್ಕಿಯ ಮೇಲಿಟ್ಟಳು.

"ಆಪಾ, ನೀವೇ ತಳ್ಳಿ. ನಾನೂ ಕೈ ಹಾಕ್ತೀನಿ."

ಇಬ್ಬರು ಹೆಂಗಸರೂ ಏದುಸಿರು ಬಿಡುತ್ತ ಇಪ್ಪತ್ತು ಹೆಜ್ಜೆ ತಳ್ಳಿದರು. ಗೌಹರ್ ನಡುವೆ ರಿಮೋಟ್ ಒತ್ತಿದಳು. ಕಾರು ನಿಂತ ಮೇಲೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿದರೆ, ಓಣಿಯ ಗೋಡೆ ಬಿರುಗಾಳಿಗೆ ಸಿಕ್ಕಿ ಹಿಂದಕ್ಕೆ ಹಾರುವಂತಿತ್ತು, ಚಕ್ರಗಳು ಗಿರ್ರನೆ ತಿರುಗುವಂತಿದ್ದವು. ಕುಲ್ಯಾಶ್ ತಲೆವಸ್ತ್ರದ ತುದಿಯಿಂದ ಬೆವರು ಒರೆಸಿಕೊಂಡು ನಕ್ಕೇಬಿಟ್ಟರು. ಇಷ್ಟು ವೇಗವಾಗಿ ನಾನೇ ತಳ್ಳಿದೆನೇ ಎಂದು ಎರಡು ಸಲ ಕೇಳಿದರು. ಗೌಹರಳಿಗೆ ಹೋದ ಜೀವ ಬಂದಂತಾಯಿತು. ಯೆರ್ನಾರನೂ ಇಳಿದು ಬಂದು, ಅಮ್ಮನ ಸ್ಪೀಡಿಗೆ ದಂಡ ಹಾಕಬೇಕೆಂದು ರೇಗಿಸಿದ.

ತಾಯಿಯ ನಗು ಅಲ್ಲಿಗೇ ನಿಂತಿತು. ಪರದೆ ಬಿಟ್ಟು ಮಗನ ಕಡೆ ತಿರುಗಿದರು.

"ನಾವು ತಳ್ಳಿದ್ರೆ ಇಷ್ಟು. ಯಾರೂ ತಳ್ಳದೇ ಇದ್ದಾಗ ಎಷ್ಟು ಜೋರಾಗಿ ಹೋಗ್ತೀಯ?"

ಯೆರ್ನಾರ್ ಗೌಹರಳ ಮುಖ ನೋಡಿದ. ಅವಳು ರಬ್ಬರ್ ಬಟ್ಟಲು ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದಳು. ಕುಲ್ಯಾಶ್ ಅಂಗೈ ಚಾಚಿದರು. ಅವನು ಕಾರಿನ ಕೀಲಿಯನ್ನು ಅದರ ಮೇಲಿಟ್ಟ. ತಾಯಿ ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ.